ಅಮೆರಿಕದಲ್ಲಿ ಮನೆಸಾಲದ ಕಂತು ತಪ್ಪಿದರೆ: ರಾಜ್ಯದ ಕಾನೂನು, ಹೌಸಿಂಗ್ ಕೌನ್ಸೆಲರ್ ನೆರವು ಬಳಸಿಕೊಳ್ಳುವುದು ಹೇಗೆ?

ಕಂತು ಕಟ್ಟಲಾಗದ ಸ್ಥಿತಿ ಬಂದಾಗ ನಮ್ಮವರು ಮೊದಲು ಮಾಡುವುದು ಬಾಯಿ ಮುಚ್ಚಿಕೊಂಡು ಇರುವುದು. ಕನ್ನಡ ಕೂಟದಲ್ಲಿ ಗೊತ್ತಾದರೆ ಮಾನ ಹೋಗುತ್ತೆ, ಊರಲ್ಲಿ ಅಪ್ಪ ಅಮ್ಮನಿಗೆ ಗೊತ್ತಾದರೆ ಗಾಬರಿ ಆಗ್ತಾರೆ. ಬ್ಯಾಂಕಿನ ಫೋನ್ ಎತ್ತುವುದಿಲ್ಲ. ಬಂದ ಟಪಾಲು ಒಡೆಯುವುದಿಲ್ಲ. ಮನೆ ಉಳಿಸಿಕೊಳ್ಳುವ ದಾರಿ ಎಷ್ಟೋ ಸಲ ಆ ಒಡೆಯದ ಲಕೋಟೆಯ ಒಳಗೇ ಇರುತ್ತದೆ.

ಅಮೆರಿಕದ ಹಲವು ರಾಜ್ಯಗಳು ಈ ವಿಷಯಕ್ಕೆಂದೇ ಕಾನೂನು ಮಾಡಿವೆ. ಮನೆ ಹರಾಜಿಗೆ ಹೋಗುವ ಮುಂಚೆ ಸಾಲಗಾರನಿಗೆ ನೋಟಿಸ್ ಕೊಡಬೇಕು, ಆ ನೋಟಿಸಿನಲ್ಲಿ ಹೌಸಿಂಗ್ ಕೌನ್ಸೆಲಿಂಗ್ ಸಂಸ್ಥೆಗಳ ವಿವರ ಇರಬೇಕು, ಮಾತುಕತೆಗೆ ಸಮಯ ಕೊಡಬೇಕು ಎಂದು ಆ ಕಾನೂನುಗಳು ಹೇಳುತ್ತವೆ. ಆದರೆ ಈ ಹಕ್ಕುಗಳಿಗೆಲ್ಲ ಗಡುವು ಇದೆ. ಗಡುವು ದಾಟಿದ ಮೇಲೆ ಎಷ್ಟು ಒಳ್ಳೆಯ ಕೌನ್ಸೆಲರ್ ಸಿಕ್ಕರೂ ಅವರ ಕೈಯಲ್ಲಿ ಉಳಿಯುವುದು ಕಡಿಮೆ. ಈ ಬರಹ ಸ್ವಂತ ವಾಸದ ಮನೆಯ ಸಾಲ ಕಟ್ಟುತ್ತಿರುವವರಿಗಾಗಿ. ಕೆಲಸ ಹೋಗಿದ್ದರೆ, ಅಥವಾ ಹೋಗಬಹುದು ಅನ್ನಿಸುತ್ತಿದ್ದರೆ ಈಗಲೇ ಓದಿ.

ಹೌಸಿಂಗ್ ಕೌನ್ಸೆಲರ್ ಅಂದರೆ ಯಾರು?

1968ರ ವಸತಿ ಕಾನೂನಿನ 106ನೇ ಸೆಕ್ಷನ್ ಅಡಿಯಲ್ಲಿ ಶುರುವಾದ ವ್ಯವಸ್ಥೆ ಇದು. ಕೇಂದ್ರ ಸರ್ಕಾರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯನ್ನು ಇಲ್ಲಿ ಎಲ್ಲರೂ 'ಹಡ್' ಎನ್ನುತ್ತಾರೆ. ಹಡ್ ಮಾನ್ಯತೆ ಪಡೆದ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಲ್ಲಿ ಈ ಕೌನ್ಸೆಲರ್‌ಗಳು ಕೆಲಸ ಮಾಡುತ್ತಾರೆ. 2021ರ ಆಗಸ್ಟ್‌ನಿಂದ ಪ್ರತಿ ಕೌನ್ಸೆಲರ್ ಕೂಡ ಹಡ್ ಪರೀಕ್ಷೆ ಪಾಸಾಗಿರಲೇಬೇಕು. ಫೋರ್‌ಕ್ಲೋಷರ್, ಅಂದರೆ ಕಂತು ಕಟ್ಟದಿದ್ದಾಗ ಸಾಲ ಕೊಟ್ಟವರು ಮನೆಯನ್ನು ಹರಾಜಿಗೆ ಹಾಕುವುದು, ಅದನ್ನು ತಪ್ಪಿಸುವ ಸಲಹೆಗೆ ಇಲ್ಲಿ ಹಣ ಕೊಡಬೇಕಾಗಿಲ್ಲ.

ಅವರು ವಕೀಲರಲ್ಲ, ಬ್ಯಾಂಕಿನ ಏಜೆಂಟರೂ ಅಲ್ಲ. ನಿಮ್ಮ ಆದಾಯ ಖರ್ಚು ಕೂಡಿಸಿ ನೋಡುತ್ತಾರೆ, ಅರ್ಜಿ ತುಂಬಿಸುತ್ತಾರೆ, ನಿಮ್ಮ ಪರವಾಗಿ ಸಾಲದ ಕಂಪನಿಯ ಜೊತೆ ಮಾತಾಡುತ್ತಾರೆ. ಕೆಲವು ರಾಜ್ಯಗಳಲ್ಲಿ ಅವರ ಸಹಿ ಇಲ್ಲದೆ ಮುಂದಿನ ಹೆಜ್ಜೆಯೇ ಇಲ್ಲ. ಅದಕ್ಕೆ ಮುಂದೆ ಬರೋಣ.

ಹಂತ 1: ದಿನಗಳ ಲೆಕ್ಕ ಹಾಕಿ

ಒಂದು ಹಾಳೆಯ ಮೇಲೆ ಕಂತು ಕಟ್ಟಬೇಕಿದ್ದ ದಿನ ಬರೆಯಿರಿ. ಅಲ್ಲಿಂದ ಎಣಿಸಿ.

ಕೇಂದ್ರದ ನಿಯಮದ ಪ್ರಕಾರ ಸಾಲ ವಸೂಲಿ ನೋಡಿಕೊಳ್ಳುವ ಕಂಪನಿ, ಅಂದರೆ ಸರ್ವೀಸರ್, 36ನೇ ದಿನದೊಳಗೆ ನಿಮ್ಮೊಡನೆ ನೇರವಾಗಿ ಮಾತಾಡಲು ಪ್ರಯತ್ನ ಮಾಡಬೇಕು. 45ನೇ ದಿನದೊಳಗೆ ಪರಿಹಾರದ ದಾರಿಗಳನ್ನು ತಿಳಿಸುವ ಪತ್ರ ಕಳಿಸಬೇಕು. ಕೌನ್ಸೆಲರ್‌ಗಳನ್ನು ಹುಡುಕುವುದು ಹೇಗೆ ಅನ್ನುವುದೂ ಆ ಪತ್ರದಲ್ಲಿ ಇರಬೇಕು. ತೀರಾ ಸಣ್ಣ ಸರ್ವೀಸರ್‌ಗಳಿಗೆ ಈ ಎರಡರಲ್ಲಿ ವಿನಾಯಿತಿ ಇದೆ. ಕಂತು ಬಾಕಿಯಾಗಿ 120 ದಿನ ದಾಟುವವರೆಗೆ, ಸಾಮಾನ್ಯವಾಗಿ, ಫೋರ್‌ಕ್ಲೋಷರ್‌ನ ಮೊದಲ ಕಾನೂನು ಹೆಜ್ಜೆ ಇಡುವಂತಿಲ್ಲ.

ಎಚ್‌1ಬಿ ವೀಸಾದಲ್ಲಿ ಇರುವವರು ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆದುಕೊಳ್ಳಬೇಕು. ಕೆಲಸ ಹೋದ ಮೇಲೆ ಹೊಸ ಕೆಲಸ ಹುಡುಕಲು ಸಿಗುವುದು ಗರಿಷ್ಠ 60 ದಿನ. ಅಂದರೆ ಮನೆಯ ವಿಷಯದಲ್ಲಿ ಕಾನೂನು ಕೊಡುವ ಸಮಯ ಮುಗಿಯುವ ಮುಂಚೆಯೇ ದೇಶದಲ್ಲಿ ಇರುವ ಸಮಯ ಮುಗಿಯಬಹುದು. ಇದನ್ನು ಕೌನ್ಸೆಲರ್‌ಗೆ ಮೊದಲ ಫೋನಿನಲ್ಲೇ ಹೇಳಿ. ಮನೆ ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನುವ ಮಾತೇ ಇದರಿಂದ ಬದಲಾಗುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. 120 ದಿನದ ನಿಯಮವಾಗಲಿ, ಕೆಳಗೆ ಹೇಳುವ ರಾಜ್ಯಗಳ ರಕ್ಷಣೆಯಾಗಲಿ ಮುಖ್ಯವಾಗಿ ನೋಡುವುದು ನೀವು ಆ ಮನೆಯಲ್ಲಿ ವಾಸ ಮಾಡ್ತಿದ್ದೀರಾ ಅನ್ನುವುದನ್ನ. "ಬೆಂಗಳೂರಿಗೆ ವಾಪಸ್ ಹೋಗಿಬಿಡೋಣ, ಮನೆ ಬಾಡಿಗೆಗೆ ಕೊಟ್ಟರಾಯಿತು, ಆಮೇಲೆ ನೋಡಿಕೊಳ್ಳೋಣ" ಅಂತ ಎಷ್ಟೋ ಜನ ಲೆಕ್ಕ ಹಾಕುತ್ತಾರೆ. ಮನೆ ಖಾಲಿ ಮಾಡಿ ಹೊರಟ ಮೇಲೆ ಈ ರಕ್ಷಣೆಗಳಲ್ಲಿ ಬಹಳಷ್ಟು ಕೈತಪ್ಪುತ್ತವೆ. ಟಿಕೆಟ್ ತೆಗೆಯುವ ಮುಂಚೆ ಕೌನ್ಸೆಲರ್ ಜೊತೆ ಮಾತಾಡಿ.

ಹಂತ 2: ನಿಮ್ಮ ರಾಜ್ಯದ ಕಾನೂನು ಏನು ಕೊಡುತ್ತೆ ನೋಡಿ

ರಾಜ್ಯದಿಂದ ರಾಜ್ಯಕ್ಕೆ ಇಲ್ಲಿ ಅಜಗಜಾಂತರ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿರುವ ಗೆಳೆಯರ ಅನುಭವ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ವಾಷಿಂಗ್ಟನ್ ರಾಜ್ಯ. ಬೆಲ್‌ವ್ಯೂ, ರೆಡ್‌ಮಂಡ್ ಕಡೆಯ ನಮ್ಮವರು ಇದನ್ನು ಗಮನವಿಟ್ಟು ಓದಿ, ಏಕೆಂದರೆ ಕೌನ್ಸೆಲರ್‌ಗೆ ನಿಜವಾದ ಅಧಿಕಾರ ಕೊಟ್ಟ ಕಾನೂನು ಇಲ್ಲಿದೆ. 2011ರ 'ಫೋರ್‌ಕ್ಲೋಷರ್ ಫೇರ್‌ನೆಸ್ ಆ್ಯಕ್ಟ್' ಪ್ರಕಾರ ಸಾಲ ಕೊಟ್ಟವರು ಮೊದಲು ಒಂದು ಪತ್ರ ಕಳಿಸಬೇಕು. 30 ದಿನದೊಳಗೆ ನೀವು ಅದಕ್ಕೆ ಉತ್ತರ ಕೊಟ್ಟರೆ, ಡೀಫಾಲ್ಟ್ ನೋಟಿಸ್, ಅಂದರೆ ಕಂತು ತಪ್ಪಿದೆ ಎಂಬ ಅಧಿಕೃತ ನೋಟಿಸ್ ಕೊಡಲು ಅವರು ಒಟ್ಟು 90 ದಿನ ಕಾಯಬೇಕು. ಅಂದರೆ ಒಂದು ಫೋನ್ ಅಥವಾ ಒಂದು ಕಾಗದದಿಂದ 60 ದಿನ ಜಾಸ್ತಿ ಸಿಗುತ್ತದೆ. ಮುಂದಿನದು ಮಧ್ಯಸ್ಥಿಕೆ. ನೀವು, ಸಾಲದ ಕಂಪನಿ, ಮಧ್ಯದಲ್ಲಿ ಒಬ್ಬ ನಿಷ್ಪಕ್ಷಪಾತ ವ್ಯಕ್ತಿ ಕೂತು ಮಾತಾಡುವ ವ್ಯವಸ್ಥೆ ಇದು. ಆದರೆ "ನನಗೆ ಮಧ್ಯಸ್ಥಿಕೆ ಬೇಕು" ಎಂದು ಮನೆಯ ಮಾಲೀಕರು ನೇರವಾಗಿ ಅರ್ಜಿ ಹಾಕುವಂತಿಲ್ಲ. ಹೌಸಿಂಗ್ ಕೌನ್ಸೆಲರ್ ಅಥವಾ ವಕೀಲರು ಶಿಫಾರಸು ಮಾಡಲೇಬೇಕು. ಕೌನ್ಸೆಲರ್ ಬಳಿ ಹೋಗದವರಿಗೆ, ವಕೀಲರೂ ಇಲ್ಲದಿದ್ದರೆ, ಮಧ್ಯಸ್ಥಿಕೆ ಸಿಗುವುದೇ ಇಲ್ಲ. ಇದಕ್ಕೂ ಗಡುವು ಇದೆ, ಹರಾಜಿನ ದಿನ ಹತ್ತಿರವಾದ ಮೇಲೆ ಶಿಫಾರಸು ನಡೆಯುವುದಿಲ್ಲ. ಈ ಕಾನೂನು ಮಾಡಿದವರು ದುಡ್ಡಿನ ಮೂಲವನ್ನೂ ಯೋಚಿಸಿದ್ದರು. ಬ್ಯಾಂಕುಗಳು ಪ್ರತಿ ಡೀಫಾಲ್ಟ್ ನೋಟಿಸಿಗೆ 250 ಡಾಲರ್ ಕೊಡಬೇಕು, ಅದರ ದೊಡ್ಡ ಪಾಲು ಕೌನ್ಸೆಲಿಂಗ್‌ಗೆ ಹೋಗಬೇಕು ಎಂದು 2011ರಲ್ಲಿ ಬರೆದರು. ಸೇವೆ ಕೊಡಬೇಕು ಎಂದು ಬರೆದು ಹಣ ಕೊಡದ ಕಾನೂನುಗಳನ್ನು ನಾವು ಎಷ್ಟು ಕಂಡಿಲ್ಲ! ಆ ದೃಷ್ಟಿಯಿಂದ ನನಗೆ ಇದು ಮೆಚ್ಚುಗೆಯಾದ ಕಾನೂನು.

ಪೆನ್ಸಿಲ್ವೇನಿಯಾದ ಕಾನೂನು ಇನ್ನೂ ಹಳೆಯದು. ಉಕ್ಕಿನ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚುತ್ತಿದ್ದ ಕಾಲದಲ್ಲಿ, 1983ರಲ್ಲಿ, 'ಆ್ಯಕ್ಟ್ 91' ಬಂತು. ಕೆಲಸ ಹೋದವರ ಕಂತನ್ನು ರಾಜ್ಯವೇ ಸಾಲವಾಗಿ ಕಟ್ಟಿಕೊಡುವ 'ಹೀಮ್ಯಾಪ್' ಯೋಜನೆ ಹುಟ್ಟಿದ್ದು ಇದರಿಂದ. ಅದಕ್ಕೆ ದಾರಿ ಕೌನ್ಸೆಲಿಂಗ್ ಸಂಸ್ಥೆಯ ಮೂಲಕವೇ. ಆ್ಯಕ್ಟ್ 91 ನೋಟಿಸ್ ಟಪಾಲಿಗೆ ಬಿದ್ದ ದಿನದಿಂದ 33 ದಿನದೊಳಗೆ ನೀವು ಪಟ್ಟಿಯಲ್ಲಿರುವ ಸಂಸ್ಥೆಯನ್ನು ಭೇಟಿ ಮಾಡಬೇಕು. ಮಾಡಿದರೆ ಅಲ್ಲಿಂದ 30 ದಿನ ಸಾಲ ಕೊಟ್ಟವರು ಸುಮ್ಮನಿರಬೇಕು. ಅಷ್ಟರಲ್ಲಿ ಸಂಸ್ಥೆ ನಿಮ್ಮ ಅರ್ಜಿ ಕಳಿಸುತ್ತದೆ. ರಾಜ್ಯದ ಹೌಸಿಂಗ್ ಫೈನಾನ್ಸ್ ಏಜೆನ್ಸಿಗೆ ತೀರ್ಮಾನಕ್ಕೆ 60 ದಿನ. ಕಷ್ಟ ನಿಮ್ಮ ಕೈಮೀರಿ ಬಂದದ್ದು, ಮುಂದೆ ಪೂರ್ತಿ ಕಂತು ಕಟ್ಟುವ ಸಾಧ್ಯತೆ ಇದೆ, ಇವೆರಡನ್ನೂ ತೋರಿಸಬೇಕು. ಕೇಂದ್ರ ಸರ್ಕಾರದ ವಿಮೆ ಇರುವ ಸಾಮಾನ್ಯ ಎಫ್‌ಎಚ್‌ಎ ಸಾಲಗಳಿಗೆ ಹೀಮ್ಯಾಪ್ ಸಿಗುವುದಿಲ್ಲ, ನಿಮ್ಮದು ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಮತ್ತೆ ಇದು ದಾನವಲ್ಲ, ವಾಪಸ್ ಕೊಡಬೇಕಾದ ಸಾಲ.

ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ಹಾಕುವ ಕನಿಷ್ಠ 90 ದಿನ ಮುಂಚೆ ನೋಟಿಸ್ ಕಳಿಸಬೇಕು. 14 ಪಾಯಿಂಟ್ ಅಕ್ಷರದಲ್ಲಿ, ಬೇರೆ ಕಾಗದಗಳ ಜೊತೆ ಸೇರಿಸದೆ, ರಿಜಿಸ್ಟರ್ಡ್ ಅಥವಾ ಸರ್ಟಿಫೈಡ್ ಟಪಾಲಿನಲ್ಲೂ ಮಾಮೂಲಿ ಟಪಾಲಿನಲ್ಲೂ ಬರಬೇಕು. ನಿಮ್ಮ ಭಾಗದ ಕನಿಷ್ಠ ಐದು ಕೌನ್ಸೆಲಿಂಗ್ ಸಂಸ್ಥೆಗಳ ಪಟ್ಟಿ ಅದರಲ್ಲಿ ಇರಬೇಕು. ಈ ನಿಯಮವನ್ನು ಅಲ್ಲಿನ ಕೋರ್ಟುಗಳು ಕಟ್ಟುನಿಟ್ಟಾಗಿ ನೋಡುತ್ತವೆ, ಆದ್ದರಿಂದ ಲಕೋಟೆಯನ್ನೂ ಎಸೆಯಬೇಡಿ. ಮೊಕದ್ದಮೆ ಬಂದ ಮೇಲೆ ಕೋರ್ಟಿನಲ್ಲೇ ಸಂಧಾನದ ಸಭೆ ನಡೆಯುತ್ತದೆ, ಎರಡೂ ಕಡೆಯವರು ಪ್ರಾಮಾಣಿಕವಾಗಿ ಮಾತಾಡಬೇಕು ಎಂದು ಕಾನೂನೇ ಹೇಳುತ್ತದೆ. ಆ ಸಭೆಗೆ ತಪ್ಪದೆ ಹೋಗಿ.

ನ್ಯೂಜೆರ್ಸಿಯಲ್ಲಿ ದಾವೆ ಹಾಕುವ ಕನಿಷ್ಠ 30 ದಿನ ಮುಂಚೆ 'ನೋಟಿಸ್ ಆಫ್ ಇಂಟೆನ್ಷನ್' ಬರುತ್ತದೆ. ದಾವೆಯ ಕಾಗದ ಕೈಗೆ ಬಂದ ಮೇಲೆ ಉತ್ತರ ಕೊಡಲು 35 ದಿನ. ಫೋರ್‌ಕ್ಲೋಷರ್ ಮಧ್ಯಸ್ಥಿಕೆಯನ್ನು 2019ರಲ್ಲಿ ಕಾನೂನಾಗಿಯೇ ಮಾಡಿದರು, ಅದರಲ್ಲಿ ಉಚಿತ ಕೌನ್ಸೆಲರ್ ನೆರವೂ ಇದೆ.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಅಲ್ಲಿ ಬಹುತೇಕ ಫೋರ್‌ಕ್ಲೋಷರ್‌ಗಳು ಕೋರ್ಟಿನ ಹೊರಗೇ ನಡೆಯುತ್ತವೆ. 2013ರ ಜನವರಿ 1ರಿಂದ ಜಾರಿಯಾದ 'ಹೋಮ್‌ಓನರ್ ಬಿಲ್ ಆಫ್ ರೈಟ್ಸ್' ಪ್ರಕಾರ, ಡೀಫಾಲ್ಟ್ ನೋಟಿಸ್ ದಾಖಲು ಮಾಡುವ 30 ದಿನ ಮುಂಚೆ ಸರ್ವೀಸರ್ ನಿಮ್ಮನ್ನು ಸಂಪರ್ಕಿಸಬೇಕು, ಕೌನ್ಸೆಲರ್ ಹುಡುಕಲು ಹಡ್‌ನ ಉಚಿತ ಫೋನ್ ನಂಬರ್ ಕೊಡಬೇಕು. ನೀವು ಕೇಳಿದರೆ 14 ದಿನದೊಳಗೆ ಮಾತುಕತೆಗೆ ಕೂರಬೇಕು. ಪೂರ್ತಿ ಅರ್ಜಿ ಅವರ ಮುಂದೆ ಇರುವಾಗ ಹರಾಜಿನ ಕಡೆಗೆ ಹೆಜ್ಜೆ ಇಡುವಂತಿಲ್ಲ. ಒಂದು ಕೈಯಲ್ಲಿ ಅರ್ಜಿ, ಇನ್ನೊಂದು ಕೈಯಲ್ಲಿ ಹರಾಜಿನ ನೋಟಿಸ್ ಹಿಡಿದು 2008ರ ಆರ್ಥಿಕ ಕುಸಿತದ ನಂತರ ಜನ ಪಟ್ಟ ಪಾಡಿನಿಂದ ಬಂದ ನಿಯಮ ಇದು. ಸಹಾಯ ಕೇಳಿದ ಮೇಲೆ ಒಬ್ಬ ನಿಗದಿತ ಸಂಪರ್ಕ ವ್ಯಕ್ತಿಯನ್ನೂ ಕೊಡಬೇಕು. ಹೆಸರು ಕೇಳಿ ಬರೆದುಕೊಳ್ಳಿ.

ಟೆಕ್ಸಸ್‌ನಲ್ಲಿ ಇರುವವರು ಇಷ್ಟು ನಿಧಾನ ಮಾಡುವಂತಿಲ್ಲ. ಅಲ್ಲಿ ಬಾಕಿ ತೀರಿಸಲು 20 ದಿನದ ನೋಟಿಸ್, ಆಮೇಲೆ ಹರಾಜಿಗೆ 21 ದಿನದ ನೋಟಿಸ್, ಅಷ್ಟೇ. ಹರಾಜು ತಿಂಗಳ ಮೊದಲ ಮಂಗಳವಾರ. ಮೇಲೆ ಹೇಳಿದಂಥ ಕಡ್ಡಾಯ ಮಧ್ಯಸ್ಥಿಕೆ ಇಲ್ಲ. ಫ್ರಿಸ್ಕೊ, ಪ್ಲೇನೊ, ಆಸ್ಟಿನ್ ಕಡೆಯವರು ಮೊದಲ ಕಂತು ತಪ್ಪುವ ಮುಂಚೆಯೇ ಕೌನ್ಸೆಲರ್‌ಗೆ ಫೋನ್ ಮಾಡಬೇಕು.

ಹಂತ 3: ಸರಿಯಾದ ಕೌನ್ಸೆಲರ್ ಹುಡುಕಿ

ನೋಟಿಸಿನಲ್ಲಿರುವ ಪಟ್ಟಿ ಒಂದು ದಾರಿ. ಇನ್ನೊಂದು, ಹಡ್‌ನ 800-569-4287 ನಂಬರಿಗೆ ಫೋನ್ ಮಾಡುವುದು. ಹಡ್ ವೆಬ್‌ಸೈಟಿನ ಪಟ್ಟಿಯಲ್ಲಿ ಪ್ರತಿ ಸಂಸ್ಥೆ ಕೊಡುವ ಸೇವೆ, ಮಾತಾಡುವ ಭಾಷೆ ಎರಡೂ ಇರುತ್ತವೆ. ಮನೆ ಕೊಳ್ಳುವವರಿಗೆ ಮಾತ್ರ ಪಾಠ ಹೇಳುವ ಸಂಸ್ಥೆಗಳೂ ಇವೆ. ಫೋರ್‌ಕ್ಲೋಷರ್ ತಡೆಯುವ ಸೇವೆ ಎಂದು ಬರೆದಿರುವುದನ್ನೇ ಆರಿಸಿ. ಸಾಲದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಇಬ್ಬರೂ ಕೂತು ಮಾತಾಡಿ. ಒಬ್ಬರಿಗೆ ಇಂಗ್ಲಿಷ್ ಕಷ್ಟ ಅನ್ನಿಸಿದರೆ ದುಭಾಷಿ ಸಿಗುತ್ತಾರಾ ಎಂದು ಮೊದಲೇ ಕೇಳಿ. ಅರ್ಥವಾಗದೆ ತಲೆ ಆಡಿಸಿ ಸಹಿ ಹಾಕುವುದು ಬೇಡ.

ಒಂದು ಸಂಸ್ಥೆ ಎರಡು ವಾರ ಬಿಟ್ಟು ಬನ್ನಿ ಅಂದರೆ ಆ ದಿನ ಬರೆದುಕೊಂಡು, ಪಟ್ಟಿಯ ಮುಂದಿನ ಸಂಸ್ಥೆಗೂ ಫೋನ್ ಮಾಡಿ.

ಹಂತ 4: ಮೊದಲ ಭೇಟಿಗೆ ತಯಾರಿ

ಕಾಗದಗಳನ್ನು ಒಂದೇ ಕಡೆ ಜೋಡಿಸಿ: ಇತ್ತೀಚಿನ ಮಾರ್ಟ್‌ಗೇಜ್ ಸ್ಟೇಟ್‌ಮೆಂಟ್, ಬಂದ ಎಲ್ಲ ನೋಟಿಸ್‌ಗಳು, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪೇ ಸ್ಟಬ್ ಅಥವಾ ನಿರುದ್ಯೋಗ ಭತ್ಯೆಯ ಪತ್ರ, ಎರಡು ವರ್ಷದ ಟ್ಯಾಕ್ಸ್ ರಿಟರ್ನ್, ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಶುಲ್ಕದ ರಸೀದಿ. ಕೌನ್ಸೆಲರ್ ನಿಮ್ಮ ಪರವಾಗಿ ಸರ್ವೀಸರ್ ಜೊತೆ ಮಾತಾಡಬೇಕಾದರೆ ನೀವು ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಅದನ್ನು ಮೊದಲ ದಿನವೇ ಕೊಡಿ.

ಆಮೇಲೆ ಬಜೆಟ್. ನಮ್ಮವರು ಮುಗ್ಗರಿಸುವುದು ಇಲ್ಲಿ. ಬಾಡಿಗೆ ಬರುವ ಮೈಸೂರಿನ ಫ್ಲ್ಯಾಟ್, ಊರಿಗೆ ತಿಂಗಳು ತಿಂಗಳು ಕಳಿಸುವ ಹಣ, ಅಲ್ಲಿನ ಬ್ಯಾಂಕಿನಲ್ಲಿ ಇನ್ನೂ ಓಡುತ್ತಿರುವ ಸಾಲ, ಎನ್‌ಆರ್‌ಇ ಖಾತೆಯ ಡಿಪಾಸಿಟ್, ಇದೆಲ್ಲ "ಇಂಡಿಯಾದ್ದು, ಇಲ್ಲಿಗೆ ಯಾಕೆ" ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅರ್ಜಿಯಲ್ಲಿ ನಿಜ ಹೇಳಿದ್ದೇನೆ ಎಂದು ನೀವು ಸಹಿ ಹಾಕುತ್ತೀರಿ. ಮೇಲಾಗಿ, ಅಪ್ಪನ ಔಷಧಿಗೆ ಕಳಿಸುವ 300 ಡಾಲರ್ ಖರ್ಚಿನಲ್ಲಿ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ತಿಂಗಳಿಗೆ 300 ಜಾಸ್ತಿ ಉಳಿಯುತ್ತದೆ ಎಂದು ಲೆಕ್ಕವಾಗುತ್ತದೆ. ಆ ಲೆಕ್ಕದ ಮೇಲೆ ನಿಗದಿಯಾದ ಕಂತು ಮತ್ತೆ ಕಟ್ಟಲಾಗುವುದಿಲ್ಲ.

ಕಷ್ಟ ವಿವರಿಸುವ ಪತ್ರವನ್ನೂ ಕೇಳುತ್ತಾರೆ. ಒಂದು ಪುಟ ಸಾಕು. ಪತ್ರ ಇಂಗ್ಲಿಷಿನಲ್ಲಿ ಇರಬೇಕು, ಆದರೆ ಸಾರಾಂಶ ಹೀಗಿರಲಿ: "ಮಾರ್ಚ್ 3ಕ್ಕೆ ಕೆಲಸ ಹೋಯಿತು. ಏಪ್ರಿಲ್ ಕಂತನ್ನು ಉಳಿತಾಯದಿಂದ ಕಟ್ಟಿದೆವು. ಮೇ ಕಂತು ಕಟ್ಟಲಾಗಲಿಲ್ಲ. ಹೆಂಡತಿಯ ಸಂಬಳ ತಿಂಗಳಿಗೆ ಇಷ್ಟು ಬರುತ್ತಿದೆ. ಜುಲೈ 14ರಿಂದ ನನಗೆ ಹೊಸ ಕೆಲಸ ಸಿಕ್ಕಿದೆ, ನೇಮಕ ಪತ್ರ ಲಗತ್ತಿಸಿದ್ದೇವೆ. ಈ ಮನೆಯಲ್ಲೇ ಇರಬೇಕೆಂದಿದ್ದೇವೆ. ಬಾಕಿ ಮೂರು ಕಂತುಗಳಿಗೆ ದಾರಿ ಮಾಡಿಕೊಡಿ." ದಿನಾಂಕ, ಮೊತ್ತ, ಕಾರಣ, ಈಗ ಏನು ಬದಲಾಗಿದೆ, ನಿಮಗೆ ಏನು ಬೇಕು, ಇಷ್ಟಿದ್ದರೆ ಸಾಕು. ಕ್ಷಮೆ ಕೇಳುತ್ತಾ ಮೂರು ಪುಟ ಬರೆಯುವ ಅಗತ್ಯ ಇಲ್ಲ. ನೀವು ತಪ್ಪು ಮಾಡಿ ಬಂದಿಲ್ಲ, ಸಹಾಯ ಕೇಳಲು ಬಂದಿದ್ದೀರಿ.

ಹಂತ 5: ಅರ್ಜಿ ಹಾಕಿ, ಬೆನ್ನು ಬಿಡಬೇಡಿ

ಕೌನ್ಸೆಲರ್ ಜೊತೆ ಕೂತಾಗ ಮುಂದೆ ಬರುವ ದಾರಿಗಳು ಸಾಮಾನ್ಯವಾಗಿ ಇವು: ಕೆಲವು ತಿಂಗಳು ಕಂತು ನಿಲ್ಲಿಸುವುದು ಅಥವಾ ಕಡಿಮೆ ಮಾಡುವುದು, ಬಾಕಿಯನ್ನು ಮುಂದಿನ ಕಂತುಗಳ ಜೊತೆ ಸ್ವಲ್ಪ ಸ್ವಲ್ಪ ಸೇರಿಸಿ ಕಟ್ಟುವುದು, ಸಾಲದ ಅವಧಿ ಅಥವಾ ಬಡ್ಡಿ ಬದಲಿಸುವ ಮಾಡಿಫಿಕೇಶನ್, ಬಾಕಿಯನ್ನು ಸಾಲದ ಕೊನೆಗೆ ತಳ್ಳುವುದು, ಇಲ್ಲವೇ ಮಾರಾಟ. ಕಂತು ನಿಲ್ಲಿಸಲು ಒಪ್ಪಿದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಅವಧಿ ಮುಗಿದ ಮೇಲೆ ಎಲ್ಲ ಬಾಕಿ ಒಟ್ಟಿಗೆ ಕಟ್ಟಬೇಕಾ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮನೆಯ ಬೆಲೆ ಸಾಲಕ್ಕಿಂತ ತುಂಬಾ ಮೇಲಿದ್ದು ಆದಾಯ ಸದ್ಯಕ್ಕೆ ವಾಪಸ್ ಬರುವಂತಿಲ್ಲದಿದ್ದರೆ, ನೀವೇ ಸಮಯ ತೆಗೆದುಕೊಂಡು ಮಾರುವುದು ಒಳ್ಳೆಯದು. ಇದನ್ನು ಸೋಲು ಅಂದುಕೊಳ್ಳಬೇಡಿ. ಹರಾಜಿನಲ್ಲಿ ಕರಗಿಹೋಗಬಹುದಾದ ವರ್ಷಗಳ ದುಡಿಮೆ ಹೀಗೆ ಮಾರಿದರೆ ಕೈಗೆ ಬರುತ್ತದೆ.

ಹರಾಜಿಗೆ 45 ದಿನ ಅಥವಾ ಅದಕ್ಕಿಂತ ಹೆಚ್ಚು ಸಮಯ ಇದ್ದರೆ, ಅರ್ಜಿ ತಲುಪಿದ 5 ಕೆಲಸದ ದಿನಗಳಲ್ಲಿ ಅದು ಪೂರ್ತಿ ಇದೆಯಾ, ಏನು ಬಾಕಿ ಎಂದು ಸರ್ವೀಸರ್ ಬರೆದು ತಿಳಿಸಬೇಕು. ಹರಾಜಿಗೆ 37 ದಿನಕ್ಕಿಂತ ಮುಂಚೆ ಪೂರ್ತಿ ಅರ್ಜಿ ಅವರ ಕೈಯಲ್ಲಿದ್ದರೆ 30 ದಿನದಲ್ಲಿ ತೀರ್ಮಾನ ಹೇಳಬೇಕು. ಇಲ್ಲಿ 'ಪೂರ್ತಿ' ಅನ್ನುವುದೇ ಮುಖ್ಯ. ಒಂದು ಪುಟ ಕಡಿಮೆ ಇದ್ದರೂ ಆ ರಕ್ಷಣೆ ಶುರುವಾಗುವುದಿಲ್ಲ. ಕಳಿಸಿದ ಪ್ರತಿ ಕಾಗದದ ಪ್ರತಿ ಇಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡಿದಾಗ ದಿನ, ಸಮಯ, ಮಾತಾಡಿದವರ ಹೆಸರು ಬರೆಯಿರಿ. ಬ್ಯಾಂಕ್ ಸ್ಟೇಟ್‌ಮೆಂಟ್ ಹಳೆಯದಾಯಿತು ಎಂದು ಮತ್ತೆ ಕೇಳುತ್ತಾರೆ, ಬೇಸರ ಮಾಡದೆ ಮತ್ತೆ ಕಳಿಸಿ.

ಕೋರ್ಟಿನ ಕಾಗದ ಬಂದಿದ್ದರೆ ಕೌನ್ಸೆಲರ್ ಒಬ್ಬರೇ ಸಾಲದು, ವಕೀಲರು ಬೇಕು. ಆದಾಯ ಕಡಿಮೆ ಇದ್ದವರಿಗೆ ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತೆ ಎಂದು ಕೌನ್ಸೆಲರ್‌ಗೆ ಗೊತ್ತಿರುತ್ತದೆ.

ಮನೆ ಉಳಿಸಿಕೊಡ್ತೀವಿ ಎನ್ನುವವರ ಬಗ್ಗೆ ಎಚ್ಚರ

ಡೀಫಾಲ್ಟ್ ನೋಟಿಸ್ ದಾಖಲಾದರೆ ಅದು ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆ. ಆಮೇಲೆ ಫೋನುಗಳು, ಸರ್ಕಾರಿ ಮುದ್ರೆಯಂಥ ಚಿತ್ರ ಇರುವ ಪತ್ರಗಳು ಶುರುವಾಗುತ್ತವೆ. "ಮೊದಲು 2,000 ಡಾಲರ್ ಕಟ್ಟಿ, ಬ್ಯಾಂಕಿನ ಜೊತೆ ಮಾತಾಡಬೇಡಿ, ಕಂತನ್ನು ನಮಗೇ ಕೊಡಿ" ಅಂದರೆ ಫೋನ್ ಇಟ್ಟುಬಿಡಿ. ಸಾಲ ಕೊಟ್ಟವರಿಂದ ಬರಹದ ಪರಿಹಾರ ತಂದು, ನೀವು ಅದನ್ನು ಒಪ್ಪುವ ಮುಂಚೆ ಇಂಥ ಕಂಪನಿಗಳು ಶುಲ್ಕ ತೆಗೆದುಕೊಳ್ಳುವುದು ಕೇಂದ್ರದ ನಿಯಮಕ್ಕೆ ವಿರುದ್ಧ. "ಮನೆ ನಮ್ಮ ಹೆಸರಿಗೆ ಮಾಡಿ, ನೀವು ಬಾಡಿಗೆಗೆ ಇರಿ, ಆಮೇಲೆ ವಾಪಸ್ ಕೊಳ್ಳಬಹುದು" ಅನ್ನುವವರು ಇನ್ನೂ ಅಪಾಯ. ಹಾಗೆ ಹೇಳುವವರು ನಮ್ಮ ಭಾಷೆಯವರೇ ಆಗಿದ್ದರೂ, ಪರಿಚಯದವರ ಪರಿಚಯದವರಾಗಿದ್ದರೂ, ಕೌನ್ಸೆಲರ್‌ಗೆ ತೋರಿಸದೆ ಸಹಿ ಹಾಕಬೇಡಿ.

ಹಂತ 6: ಉತ್ತರ ಬಂದ ಮೇಲೆ

ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ಕೊಟ್ಟಿರುತ್ತಾರೆ. ಅದನ್ನು ಅಂದೇ ಕೌನ್ಸೆಲರ್‌ಗೆ ಕಳಿಸಿ. ಹರಾಜಿಗೆ ಕನಿಷ್ಠ 90 ದಿನ ಮುಂಚೆ ಪೂರ್ತಿ ಅರ್ಜಿ ಹಾಕಿದ್ದವರಿಗೆ, ಮಾಡಿಫಿಕೇಶನ್ ನಿರಾಕರಿಸಿದರೆ, ಕೇಂದ್ರದ ನಿಯಮದಲ್ಲಿ ಮೇಲ್ಮನವಿಗೆ 14 ದಿನ ಇದೆ. ಕ್ಯಾಲಿಫೋರ್ನಿಯಾದ ಕಾನೂನು ಕನಿಷ್ಠ 30 ದಿನ ಕೊಡುತ್ತದೆ. ಆದಾಯವನ್ನು ತಪ್ಪಾಗಿ ಕೂಡಿಸಿದ್ದಾರಾ, ಸಂಗಾತಿಯ ಸಂಬಳ ಬಿಟ್ಟಿದ್ದಾರಾ, ಮೊದಲು ಇದನ್ನು ನೋಡಿ. ಸರ್ವೀಸರ್ ಉತ್ತರವನ್ನೇ ಕೊಡದಿದ್ದರೆ ಕೇಂದ್ರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಗೆ, ಜೊತೆಗೆ ರಾಜ್ಯದ ಬ್ಯಾಂಕಿಂಗ್ ಇಲಾಖೆ ಅಥವಾ ಅಟಾರ್ನಿ ಜನರಲ್ ಕಚೇರಿಗೆ ದೂರು ಕೊಡಬಹುದು. ಬರೆದಿಟ್ಟ ದಿನಾಂಕ, ಹೆಸರುಗಳು ಆಗ ಕೆಲಸಕ್ಕೆ ಬರುತ್ತವೆ.

ಮಾಡಿಫಿಕೇಶನ್ ಒಪ್ಪಿದರೆ ಸಾಮಾನ್ಯವಾಗಿ ಮೂರು ತಿಂಗಳ ಪರೀಕ್ಷಾ ಅವಧಿ ಇರುತ್ತದೆ. ಪತ್ರದಲ್ಲಿ ಬರೆದ ಮೊತ್ತವನ್ನು ಬರೆದ ದಿನದೊಳಗೆ ಕಟ್ಟಿ, ಒಂದು ಡಾಲರ್ ಕಡಿಮೆಯೂ ಬೇಡ, ಒಂದು ದಿನ ತಡವೂ ಬೇಡ. ಹಳೆಯ ಮೊತ್ತಕ್ಕೆ ಆಟೋಪೇ ಇದ್ದರೆ ನಿಲ್ಲಿಸಿ. ಮೂರು ಕಂತು ಮುಗಿದ ಮೇಲೆ ಕೊನೆಯ ಒಪ್ಪಂದ ಬರುತ್ತದೆ, ಅದಕ್ಕೆ ಸಾಲದಲ್ಲಿ ಹೆಸರಿರುವ ಇಬ್ಬರೂ ಸಹಿ ಹಾಕಬೇಕು, ಎಷ್ಟೋ ಸಲ ನೋಟರಿ ಮುಂದೆ. ಒಬ್ಬರು ಆಗ ಊರಿಗೆ ಹೋಗುವ ಯೋಚನೆ ಇದ್ದರೆ ಸಹಿಯ ವ್ಯವಸ್ಥೆ ಹೇಗೆ ಎಂದು ಸರ್ವೀಸರ್ ಬಳಿ ಮೊದಲೇ ಕೇಳಿ, ಉತ್ತರ ಬರಹದಲ್ಲಿ ಬಂದ ಮೇಲೆ ಹೊರಡಿ.